ಹಿಂಡಿಗೆ ಬಾಗಿಲು, ಬೀಜಕ್ಕೆ ಬೀಗ: ಬೀದರ್ ರೈತನನ್ನು ಕೇಳಿದವರು ಯಾರು?

ಕುಲಾಂತರಿ ಬೆಳೆ ಬೇಕೋ ಬೇಡವೋ ಅನ್ನೋ ಚರ್ಚೆ ಟಿವಿಯಲ್ಲಿ ನಡೆದಾಗೆಲ್ಲ ಒಂದು ಕಡೆ ವಿಜ್ಞಾನಿ, ಇನ್ನೊಂದು ಕಡೆ ಹೋರಾಟಗಾರ ಕೂತಿರ್ತಾರೆ. ಭಾಲ್ಕಿ ಎಪಿಎಂಸಿಯಲ್ಲಿ ಸೋಯಾ ಚೀಲ ಇಳಿಸುವ ರೈತ ಅಲ್ಲಿರೋದಿಲ್ಲ. ನಷ್ಟ ಬಂದರೆ ಮಾತ್ರ ಅದು ಅವನ ಪಾಲಿಗೆ.

ಔರಾದ್ ಕಡೆಯ ನಮ್ಮ ಕಾಕಾ ಒಮ್ಮೆ ಕೇಳಿದ್ದರು: "ತಮ್ಮಾ, ಆ ಬೀಜ ನಾ ಬಿತ್ತಿದ್ರ ಕೇಸು. ಅದರದೇ ಹಿಂಡಿ ಹಡಗಿನಾಗ ಬಂದ್ರ ನಡೀತದ. ಇದ್ಯಾವ ನ್ಯಾಯ?" ಎಂಜಿನಿಯರಿಂಗ್ ಓದಿದ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾಕಾ ಹೇಳಿದ್ದು 2021ರ ಕಥೆ. ಆ ವರ್ಷ ಸೋಯಾದ ಬೆಂಬಲ ಬೆಲೆ 3,950 ರೂ. ಆಗಸ್ಟ್ ಹೊತ್ತಿಗೆ ದೊಡ್ಡ ಮಾರುಕಟ್ಟೆಗಳಲ್ಲಿ ದರ ಕ್ವಿಂಟಲಿಗೆ 10,000 ರೂ. ಆಸುಪಾಸು ತಲುಪಿತ್ತು. ಕೋಳಿ ಉದ್ಯಮ ಆಹಾರ ದುಬಾರಿಯಾಯಿತೆಂದು ಮೊರೆಯಿಟ್ಟಿತು. ಆಗಸ್ಟ್ 24ರಂದು ಕೇಂದ್ರ ಸರ್ಕಾರ ಎಣ್ಣೆ ತೆಗೆದ ಕುಲಾಂತರಿ ಸೋಯಾ ಹಿಂಡಿಯನ್ನು 12 ಲಕ್ಷ ಟನ್‌ವರೆಗೆ ಆಮದು ಮಾಡಲು ಅನುಮತಿ ಕೊಟ್ಟಿತು. ಹಿಂಡಿಯಲ್ಲಿ ಜೀವಂತ ಜೀವಿ ಇಲ್ಲ, ಹಾಗಾಗಿ ಪರಿಸರದ ಆಕ್ಷೇಪ ಇಲ್ಲ ಎಂಬುದು ಪರಿಸರ ಸಚಿವಾಲಯದ ನಿಲುವು.

ತಾಂತ್ರಿಕವಾಗಿ ಮಾತು ಸರಿ. ಹಿಂಡಿ ಮೊಳಕೆ ಒಡೆಯೋದಿಲ್ಲ. ಆದರೆ ಬೆಲೆಯ ಪ್ರಶ್ನೆ ಹಾಗೇ ಉಳಿಯಿತು. 100 ಕೆಜಿ ಸೋಯಾದಲ್ಲಿ ಎಣ್ಣೆ ಸುಮಾರು 18 ಕೆಜಿ, ಉಳಿದದ್ದು ಬಹುತೇಕ ಹಿಂಡಿಯೇ. ಹಿಂಡಿ ಅಗ್ಗವಾದರೆ ಕಾಳಿನ ದರವೂ ಕುಸಿಯುತ್ತೆ. ರಾಜ್ಯದಲ್ಲಿ ಸೋಯಾ ಅತಿ ಹೆಚ್ಚು ಬೆಳೆಯುವ ಜಿಲ್ಲೆ ಬೀದರ್. ಇಲ್ಲಿ ರಾಶಿ ಆಗೋದು ಸೆಪ್ಟೆಂಬರ್ ಕೊನೆಯಿಂದ. ಆದೇಶ ಬಂದದ್ದು ಅದಕ್ಕೆ ತಿಂಗಳ ಮೊದಲು. ಅಕ್ಟೋಬರ್‌ನಲ್ಲಿ ದರ 6,000ಕ್ಕಿಂತ ಕೆಳಗಿತ್ತು. ಆಮದೊಂದೇ ಕಾರಣ ಅನ್ನಲಾರೆ, ಹೊಸ ಮಾಲು ಬಂದಾಗ ದರ ಇಳಿಯೋದು ಸಹಜ. ಕೋಳಿ ಸಾಕುವವರೂ ರೈತರೇ, ಅವರ ಸಂಕಟವೂ ಸುಳ್ಳಲ್ಲ. ಆದರೆ ಒಬ್ಬರ ಸಂಕಟ ದೆಹಲಿಗೆ ಮುಟ್ಟಿತು, ಇನ್ನೊಬ್ಬರದನ್ನು ಯಾರೂ ಕೇಳಲೇ ಇಲ್ಲ.

"ನಮ್ಮ ತಟ್ಟೆಗೆ ಕುಲಾಂತರಿ ಬಂದೇ ಇಲ್ಲ" ಅನ್ನೋ ವಾದವೂ ನಿಲ್ಲೋದಿಲ್ಲ. ಬಿಟಿ ಹತ್ತಿ ಬಂದದ್ದು 2002ರಲ್ಲಿ. ಹತ್ತಿಕಾಳಿನ ಎಣ್ಣೆ ನಮ್ಮ ಅಡುಗೆಗೆ, ಹಿಂಡಿ ದನಕ್ಕೆ ಹೋಗ್ತಾನೇ ಇದೆ. ಕುಲಾಂತರಿ ಸೋಯಾದ ಎಣ್ಣೆಯೂ ವರ್ಷಗಳಿಂದ ಆಮದಾಗುತ್ತಿದೆ. ಇನ್ನೊಂದೆಡೆ ಬಿಟಿ ಬದನೆಗೆ 2010ರಲ್ಲಿ ತಡೆ ಬಿತ್ತು. ಸಾಸಿವೆಗೆ 2022ರಲ್ಲಿ ಸಿಕ್ಕ ಅನುಮತಿ ಕೋರ್ಟ್ ಮೆಟ್ಟಿಲೇರಿತು. 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರೂ ಒಂದು ಮಾತಿಗೆ ಒಪ್ಪಿದರು: ರಾಜ್ಯಗಳು, ರೈತ ಸಂಘಟನೆಗಳ ಜೊತೆ ಮಾತಾಡಿ ರಾಷ್ಟ್ರೀಯ ನೀತಿ ಮಾಡಿ. ಮರುವರ್ಷ ಅಮೆರಿಕದ ಜೊತೆ ವ್ಯಾಪಾರ ಮಾತುಕತೆ ನಡೆದಿದ್ದಾಗ ಕುಲಾಂತರಿ ಸೋಯಾ ಆಮದಿನ ಸಲಹೆಯಿದ್ದ ನೀತಿ ಆಯೋಗದ ಟಿಪ್ಪಣಿಯೊಂದು ಹೊರಬಂತು. ವಿರೋಧ ಎದ್ದ ಮೇಲೆ ಹಿಂದಕ್ಕೆ ಹೋಯಿತು.

ನಾನು ಕುಲಾಂತರಿ ತಂತ್ರಜ್ಞಾನದ ವಿರೋಧಿಯಲ್ಲ. ಆದರೆ ಬೆಳೆಗೆ ಒಂದು ತಕ್ಕಡಿ, ಆಮದಿಗೆ ಇನ್ನೊಂದು ತಕ್ಕಡಿ ಅನ್ನೋದಕ್ಕೆ ನನ್ನ ವಿರೋಧವಿದೆ. ಆಹಾರ-ಮೇವಿನ ಆಮದಿಗೆ ಅನುಮತಿ ಕೊಡುವ ಮೊದಲು ರೈತನ ದರದ ಮೇಲೆ ಏನಾಗುತ್ತೆ ಅನ್ನೋ ಲೆಕ್ಕ ಬಹಿರಂಗವಾಗಲಿ. ರಾಶಿಯ ಹೊತ್ತಲ್ಲಿ ಇಂಥ ಆದೇಶ ಬೇಡ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರೋದೇ ಬೀದರ್‌ನಲ್ಲಿ. ಮೇವಿನ ಸುರಕ್ಷತೆ ಬಗ್ಗೆ ಅದು ಕನ್ನಡದಲ್ಲಿ, ದೇವಣಿ ದನ ಸಾಕುವವರಿಗೆ ಅರ್ಥವಾಗುವಂತೆ ಮಾತಾಡಲಿ.

ಬಿಟಿ ಬದನೆ ಬಗ್ಗೆ ಅಭಿಪ್ರಾಯ ಕೇಳಲು 2010ರಲ್ಲಿ ಕೇಂದ್ರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಭೆ ಮಾಡಿದ್ದರು. ರಾಜ್ಯದ ಸಭೆ ಬೆಂಗಳೂರಲ್ಲಿತ್ತು. ಮುಂದಿನ ಸಭೆ ಸೋಯಾ, ಮೇವಿನ ಬಗ್ಗೆ ಆದರೆ ಅದು ಭಾಲ್ಕಿಯಲ್ಲೋ ಔರಾದ್‌ನಲ್ಲೋ ಆಗಲಿ. ಜಿಲ್ಲೆಯ ಸಂಸದರು, ಶಾಸಕರು ಯಾವ ಪಕ್ಷದವರೇ ಇರಲಿ, ಕೇಳಬೇಕಾದ ಮೊದಲ ಬೇಡಿಕೆ ಇದು. ನಮ್ಮ ಕಾಕಾ ಅಲ್ಲಿಗೆ ಬಂದು ಅದೇ ಪ್ರಶ್ನೆ ಕೇಳ್ತಾರೆ. ಉತ್ತರ ತಗೊಂಡು ಬನ್ನಿ.