ಕನ್ನಡಕ ಬಂದರೆ ಸಾಲದು, ಕನ್ನಡವೂ ಬರಲಿ

ಕ್ಯಾನ್ಸರ್ ಚಿಕಿತ್ಸೆಯ ಅಂಜಿಕೆಗೆ ‘ಧೈರ್ಯ ತಂದುಕೊಳ್ಳಿ’ ಎಂಬ ಒಣ ಉಪದೇಶವೇ ಮದ್ದೆನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ವಿಜ್ಞಾನ ಅಷ್ಟಕ್ಕೇ ಸುಮ್ಮನಾಗಿಲ್ಲ. ಪೆಟ್ಟಿಗೆಯಂಥ ಕನ್ನಡಕ ತೊಡಿಸಿ, ಸುತ್ತಲೂ ಕಡಲನ್ನೋ ಕಾಡನ್ನೋ ಕಾಣಿಸಿ, ರೋಗಿಯ ಗಮನವನ್ನು ಸೂಜಿಯಿಂದ ಬೇರೆಡೆಗೆ ಸೆಳೆಯುವ ‘ವರ್ಚುವಲ್ ರಿಯಾಲಿಟಿ’ ಬಂದಿದೆ. ಅಮೆರಿಕದ ಸೂಸನ್ ಷ್ನೈಡರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಕೀಮೋಥೆರಪಿ ಪಡೆದವರಿಗೆ ಹೊತ್ತು ಬೇಗ ಸರಿದಂತೆ ತೋರಿತು. ಸಂಕಟ ಮಾತ್ರ ಗಣನೀಯವಾಗಿ ತಗ್ಗಲಿಲ್ಲ. ಮುಂದಿನ ಕೆಲವು ಅಧ್ಯಯನಗಳಲ್ಲಿ ಆತಂಕ ತಗ್ಗಿದ್ದೂ ಉಂಟು. ಉಪಕರಣ ಆಟಿಕೆಯಲ್ಲ, ಸಂಜೀವಿನಿಯೂ ಅಲ್ಲ.

ವಿಶಾಖಪಟ್ಟಣದ ಅಗನಂಪೂಡಿಯಲ್ಲಿ ಟಾಟಾ ಸ್ಮಾರಕ ಕೇಂದ್ರದ ಹೋಮಿ ಭಾಭಾ ಕ್ಯಾನ್ಸರ್ ಆಸ್ಪತ್ರೆಯಿದೆ. ವಿಜಯವಾಡದಲ್ಲೂ ಕ್ಯಾನ್ಸರ್ ಆಸ್ಪತ್ರೆಗಳಿವೆ. ಮಗನ ಮನೆಗೆಂದು ಗದಗದಿಂದ ಬಂದ ತಾಯಿ ಇಂಥಲ್ಲಿ ಮಲಗಬೇಕಾದಾಗ, ಕನ್ನಡಕದೊಳಗಿನ ದನಿ ತಿಳಿಯದ ಭಾಷೆಯಲ್ಲಿ ‘ನಿಧಾನವಾಗಿ ಉಸಿರು ಬಿಡಿ’ ಎಂದರೆ ಆಕೆಗೆ ನೆಮ್ಮದಿಯಾದರೂ ಹೇಗೆ?

ತೆಲುಗು ಕನ್ನಡಗಳು ಅಕ್ಕತಂಗಿಯರಲ್ಲವೇ, ಅರ್ಥವಾದೀತು ಎನ್ನುವವರುಂಟು. ಆ ಸಂಬಂಧ ತರಕಾರಿ ಕೊಳ್ಳಲು ಸಾಕು. ನರಕ್ಕೆ ಸೂಜಿ ಚುಚ್ಚುವ ಹೊತ್ತಿಗೆ ಸಾಲದು. ಆಗ ಬೇಕಾದುದು ತಾಯ್ನುಡಿ.

ಇದನ್ನು ಆಸ್ಪತ್ರೆಗಳೇ ಮಾಡಲಿ ಎಂದು ಕಾಯುವುದೇಕೆ? ರಾಜ್ಯೋತ್ಸವದ ಶಾಮಿಯಾನಕ್ಕೂ ಧ್ವನಿವರ್ಧಕಕ್ಕೂ ಹಣ ಹೊಂದಿಸುವ ನಮ್ಮ ಸಂಘಗಳಿಗೆ ಹತ್ತು ನಿಮಿಷದ ಕನ್ನಡ ಧ್ವನಿಮುದ್ರಣ ಭಾರವೇ? ವೈದ್ಯರ ಸಲಹೆ ಪಡೆದು ಅದನ್ನು ಸಿದ್ಧಪಡಿಸಿ ಆಸ್ಪತ್ರೆಗಳಿಗೆ ಒಪ್ಪಿಸೋಣ. ಚಿಕಿತ್ಸೆಯ ದಿನ ರೋಗಿಯ ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ನಾಲ್ಕು ಮಾತಾಡುವವರ ಪಟ್ಟಿಯನ್ನೂ ಮಾಡೋಣ. ವೇದಿಕೆಯ ಮೇಲೆ ಮೆರೆಯುವ ಕನ್ನಡ ಹಾಸಿಗೆಯ ಬಳಿ ಮೂಕವಾದರೆ, ಆ ಅಭಿಮಾನ ಯಾರಿಗಾಗಿ?