ಕಳ್ಳವಿಮಾನವೂ ಸಾಹಸವೆಂಬ ಮಾತೂ

ಕ್ರೋಂಪೇಟೆಯ ಬಾಲಕರಿಗೆ ವಿಮಾನವು ಅಪರೂಪದ ವಸ್ತುವಲ್ಲ. ಮೀನಂಬಾಕ್ಕಮಿನ ನಿಲ್ದಾಣವು ಸಮೀಪದಲ್ಲಿಯೇ ಇದೆ. 1949ರಲ್ಲಿ ಸ್ಥಾಪಿತವಾದ ಮದ್ರಾಸ್ ಇನ್ಸ್‌ಟಿಟ್ಯೂಟ್ ಆಫ್ ಟೆಕ್ನಾಲಜಿಯಂತೂ ನಮ್ಮ ಊರಿನಲ್ಲಿಯೇ ಇದೆ. ಅಲ್ಲಿ ವಿದ್ಯಾರ್ಥಿಯಾಗಿದ್ದಾಗ ಅಬ್ದುಲ್ ಕಲಾಮ್ ಅವರು ಸಹಪಾಠಿಗಳೊಡನೆ, ತಗ್ಗಿನಲ್ಲಿ ಹಾರಿ ದಾಳಿಮಾಡುವ ವಿಮಾನವೊಂದರ ವಿನ್ಯಾಸದಲ್ಲಿ ತೊಡಗಿದ್ದರು. ಕೆಲಸವು ಹಿಂದೆ ಬಿದ್ದಿತೆಂದು ಗುರುಗಳು ಮೂರೇ ದಿನಗಳ ಗಡುವು ಕೊಟ್ಟ ಕಥೆಯನ್ನು ವಾಚಕರು ಕೇಳಿರಬಹುದು.

ತಗ್ಗಿನಲ್ಲಿ ಹಾರುವ ವಿದ್ಯೆಯನ್ನು ಕಳ್ಳಸಾಗಣೆಗಾರರೂ ಬಲ್ಲರು. ರೇಡಾರಿನ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುವುವು, ಭೂಮಿಯೋ ದುಂಡು. ಆದುದರಿಂದ ಸಮುದ್ರಕ್ಕೆ ತೀರ ಹತ್ತಿರವಾಗಿ ಹಾರುವ ವಿಮಾನವು ದೂರದ ರೇಡಾರಿನ ಕಣ್ಣಿಗೆ ಬೀಳುವುದಿಲ್ಲ. 1970ರ ದಶಕದ ಕೊನೆಯಲ್ಲಿ ಕಾರ್ಲೋಸ್ ಲೆಹ್ಡರ್ ಎಂಬಾತನು ಬಹಾಮಾಸಿನ ನಾರ್ಮನ್ಸ್ ಕೇ ದ್ವೀಪವನ್ನು ಠಾಣೆಯನ್ನಾಗಿ ಮಾಡಿಕೊಂಡು, ಕೊಲಂಬಿಯಾದ ಕೊಕೇನನ್ನು ಸಣ್ಣ ವಿಮಾನಗಳಲ್ಲಿ ಅಮೆರಿಕಕ್ಕೆ ಸಾಗಿಸಿದನು. ಇಂಥದೇ ಕಸುಬಿನ ಬ್ಯಾರಿ ಸೀಲ್ ಎಂಬ ಚಾಲಕನು 1986ರಲ್ಲಿ ಕೊಲೆಯಾದನು. ಅವನನ್ನು ಕುರಿತು 2017ರಲ್ಲಿ ಚಲನಚಿತ್ರವೂ ಬಂದಿತು. ಅದನ್ನು ಕಂಡ ಗೆಳೆಯರು ಕೆಲವರು “ಎಂಥ ಸಾಹಸಿ!” ಎಂದು ಕೊಂಡಾಡಿದರು. ನಾವು ಒಪ್ಪಲಾರೆವು.

ಆ ಸಾಹಸದ ಬೆಲೆಯನ್ನು ತೆತ್ತವರು ಯಾರು? 2001ರ ಏಪ್ರಿಲ್ 20ರಂದು ಪೆರು ದೇಶದ ವಾಯುಪಡೆಯು ಅಮೆಜಾನ್ ಪ್ರದೇಶದಲ್ಲಿ ಹಾರುತ್ತಿದ್ದ ಸಣ್ಣ ವಿಮಾನವೊಂದನ್ನು ಕಳ್ಳಸಾಗಣೆಯದೆಂದು ಬಗೆದು ಗುಂಡು ಹಾರಿಸಿತು. ಅದನ್ನು ಮೊದಲು ಗುರುತಿಸಿದ್ದು ಅಮೆರಿಕದ ಗುಪ್ತಚರ ಸಂಸ್ಥೆಯ ಕಾವಲು ವಿಮಾನ. ಒಳಗಿದ್ದವರು ಕ್ರೈಸ್ತ ಧರ್ಮಪ್ರಚಾರಕರು. ತಾಯಿಯೊಬ್ಬಳೂ ಅವಳ ಏಳು ತಿಂಗಳ ಹಸುಗೂಸೂ ಮಡಿದರು. ಗುಂಡಿಟ್ಟವರ ತಪ್ಪು ದೊಡ್ಡದೇ. ಆದರೆ ಆಕಾಶದಲ್ಲಿ ಸಣ್ಣ ವಿಮಾನವನ್ನು ಕಂಡೊಡನೆ ಸಂಶಯಪಡುವಂತೆ ಮಾಡಿದವರು ಈ ‘ಸಾಹಸಿ’ಗಳೇ ಅಲ್ಲವೆ?

ಈಗ ಚಾಲಕನೂ ಬೇಕಿಲ್ಲ. ಪಂಜಾಬಿನ ಗಡಿಯಲ್ಲಿ ಡ್ರೋನುಗಳು ರಾತ್ರಿಯ ಹೊತ್ತು ಹೆರಾಯಿನ್ ಪೊಟ್ಟಣಗಳನ್ನು ತಂದು ಹೊಲಗಳಲ್ಲಿ ಉದುರಿಸುತ್ತವೆ. 2024ರಲ್ಲಿ ಗಡಿ ಭದ್ರತಾ ಪಡೆಯವರು ಅಲ್ಲಿ 200ಕ್ಕೂ ಹೆಚ್ಚು ಡ್ರೋನುಗಳನ್ನು ವಶಪಡಿಸಿಕೊಂಡರು. ಹಾರಿಸಿದವನು ಗಡಿಯಾಚೆ ಕ್ಷೇಮವಾಗಿ ಕುಳಿತಿರುತ್ತಾನೆ. ಕತ್ತಲಲ್ಲಿ ಹೋಗಿ ಪೊಟ್ಟಣವನ್ನು ಎತ್ತಿಕೊಳ್ಳುವವನು ಹಣದಾಸೆಗೆ ಬಿದ್ದ ತರುಣ; ಸೆರೆಮನೆ ಅವನಿಗೆ, ಚಟದ ನರಳಾಟ ಅವನ ನೆರೆಹೊರೆಯವರಿಗೆ. ಇದರಲ್ಲಿ ಸಾಹಸವನ್ನು ನಾವು ಎಲ್ಲಿ ಹುಡುಕೋಣ?

ನಮ್ಮ ಊರಿನ ಆ ವಿದ್ಯಾಲಯದ ‘ದಕ್ಷ’ ತಂಡದವರೂ ಡ್ರೋನು ಹಾರಿಸುವವರೇ. 2018ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಪಂದ್ಯದಲ್ಲಿ ಅವರು ದ್ವಿತೀಯ ಸ್ಥಾನವನ್ನು ಗಳಿಸಿದರು. ದೂರದ ರೋಗಿಯ ರಕ್ತದ ಮಾದರಿಯನ್ನು ಚಾಲಕನಿಲ್ಲದ ವಿಮಾನದಿಂದ ತರಿಸುವುದೇ ಅಲ್ಲಿನ ಪರೀಕ್ಷೆಯಾಗಿತ್ತು. ಚಲನಚಿತ್ರದ ಚಾಲಕನ ಹೆಸರನ್ನು ಬಾಯಿಪಾಠವಾಗಿ ಬಲ್ಲ ನಮ್ಮ ಗೆಳೆಯರು ಈ ಸುದ್ದಿಯನ್ನೇ ಕೇಳಿರಲಿಲ್ಲ.