ನಮ್ಮ ಮಳೆಗೆ ನಮ್ಮದೇ ಅಳತೆ

ನಮ್ಮ ಭಾಗದಲ್ಲಿ ಬೇರೆ ಊರಿನವರು ಭೆಟ್ಟಿಯಾದಾಗ ಮನೆಮಂದಿಯ ಕ್ಷೇಮಸಮಾಚಾರದ ಬೆನ್ನಿಗೇ ಬರುವ ಪ್ರಶ್ನೆ ಒಂದುಂಟು: “ನಿಮ್ಮ ಕಡಿ ಮಳಿ ಹ್ಯಾಂಗೈತ್ರಿ?” ಸಂತೆಯಲ್ಲಾಗಲಿ, ಮದುವೆಯ ಹಂದರದಲ್ಲಾಗಲಿ, ಬಸ್ಸಿನ ನಿಲ್ದಾಣದಲ್ಲಾಗಲಿ ಈ ಪ್ರಶ್ನೆ ತಪ್ಪುವದಿಲ್ಲ. ಅದಕ್ಕೆ ಬರುವ ಉತ್ತರವನ್ನು ಲಕ್ಷ್ಯಗೊಟ್ಟು ಕೇಳಬೇಕು. “ಮಿರಗ ಕೈಕೊಟ್ತ್ರಿ, ಹುಬ್ಬಿ ಒಂಚೂರು ಕೈ ಹಿಡೀತು” ಎಂದು ಒಕ್ಕಲಿಗನು ಹೇಳುತ್ತಾನೆಯೇ ಹೊರತು, ವರುಷದಲ್ಲಿ ಇಷ್ಟು ಮಿಲಿಮೀಟರು ಬಿತ್ತು ಎಂದು ಎಂದೂ ಹೇಳುವದಿಲ್ಲ. ಎಷ್ಟು ಬಂತು ಎಂಬುದಕ್ಕಿಂತ ಯಾವಾಗ ಬಂತು ಎಂಬುದೇ ಅವನಿಗೆ ಮುಖ್ಯ. ಈ ಉತ್ತರದಲ್ಲಿ ಒಂದು ಶಾಸ್ತ್ರವೇ ಅಡಗಿದೆಯೆಂದು ನನ್ನ ನಂಬಿಕೆ.

ಆದರೆ ಓದುಬರಹ ಕಲಿತ ನಾವು ಮಾತನಾಡುವ ಬಗೆ ಬೇರೆ. ಮಳೆಗಾಲವೆಂದರೆ ಜೂನ್-ಜುಲೈ ಎಂದು ಬಾಲ್ಯದಿಂದಲೂ ಬಾಯಿಪಾಠ ಮಾಡಿದ್ದೇವೆ. ನಮ್ಮ ಜಿಲ್ಲೆಯ ಮಾತು ಬಂದರೆ “ಕಡಿಮೆ ಮಳೆಯ ಪ್ರದೇಶ, ಬರದ ನಾಡು” ಎಂದು ಎರಡು ಮಾತಿನಲ್ಲಿ ಮುಗಿಸುತ್ತೇವೆ. ಒಂದು ಊರಿನ ಹವೆಯನ್ನು ಇನ್ನೊಂದು ಊರಿನ ಅಳತೆಗೋಲಿನಿಂದ ಅಳೆಯುವದು ಶಾಸ್ತ್ರಕ್ಕೂ ಸಲ್ಲದು, ಬಾಳಿಗೂ ಒಳಿತಲ್ಲ ಎಂಬುದನ್ನು ಈ ಲೇಖನದಲ್ಲಿ ಹೇಳಬಯಸುತ್ತೇನೆ.

ಅಂಕಿಗಳನ್ನೇ ಮೊದಲು ನೋಡೋಣ. ಆಗುಂಬೆಯಲ್ಲಿ ವರುಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ. ಮಂಗಳೂರಿನಲ್ಲಿ 3,500 ಮಿ.ಮೀ.ಗೂ ಹೆಚ್ಚು. ವಿಜಯಪುರ ಜಿಲ್ಲೆಯಲ್ಲಿ ಸುಮಾರು 600 ಮಿ.ಮೀ. ಮಾತ್ರ. ನಮಗೆ ಇಡೀ ವರುಷದಲ್ಲಿ ಬರುವದಕ್ಕಿಂತ ಹೆಚ್ಚು ಮಳೆ ಮಂಗಳೂರಿಗೆ ಜುಲೈ ಒಂದೇ ತಿಂಗಳಲ್ಲಿ ಬರುತ್ತದೆ. ಇದರ ಕಾರಣ ಎಲ್ಲರೂ ಬಲ್ಲದ್ದೇ. ಪಡುವಣ ಕಡಲಿನಿಂದ ಬರುವ ತೇವದ ಗಾಳಿ ಸಹ್ಯಾದ್ರಿಗೆ ತಗುಲಿ ಮೇಲಕ್ಕೇರಿ ತಣಿದು ಅಲ್ಲಿಯೇ ಸುರಿದುಬಿಡುತ್ತದೆ. ಬೆಟ್ಟವನ್ನು ದಾಟಿ ಇಳಿಯುವಾಗ ಅದೇ ಗಾಳಿ ಬೆಚ್ಚಗಾಗಿ ಒಣಗುತ್ತದೆ. ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳಗಳು ಈ ಮಳೆಯ ನೆರಳಿನಲ್ಲಿ ಕುಳಿತ ಊರುಗಳು.

ಇಷ್ಟರಿಂದಲೇ ನಾವು ಬಡವರೆಂದು ತೀರ್ಮಾನಿಸುವ ಮೊದಲು ಕಡಲಾಚೆಯ ಒಂದು ಊರನ್ನು ನೋಡಬೇಕು. ಮೋಡ, ಮಂಜು, ಜಿಟಿಜಿಟಿ ಮಳೆಗೆ ಲಂಡನ್ ನಗರ ಹೆಸರಾಗಿದೆ. ಅಲ್ಲಿಯವರ ಕೈಯಲ್ಲಿ ಸದಾ ಕೊಡೆ ಇರುತ್ತದೆಂದು ಕೇಳಿದ್ದೇವೆ. ಆ ಲಂಡನ್ನಿನ ವಾರ್ಷಿಕ ಮಳೆ ಎಷ್ಟೆಂದು ಬಲ್ಲಿರಾ? ಅದೂ ಸುಮಾರು 600 ಮಿ.ಮೀ.! ಬರದ ನಾಡೆನಿಸಿದ ನಮ್ಮ ಜಿಲ್ಲೆಗೂ ಮಳೆಯ ಊರೆನಿಸಿದ ಲಂಡನ್ನಿಗೂ ಮೊತ್ತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವದು ಹಂಚಿಕೆಯಲ್ಲಿ. ಅಲ್ಲಿಯ ಮಳೆ ಹನ್ನೆರಡು ತಿಂಗಳಿಗೂ ಹೆಚ್ಚುಕಡಿಮೆ ಸಮನಾಗಿ, ನೂರಕ್ಕೂ ಹೆಚ್ಚು ದಿನ, ಹನಿಹನಿಯಾಗಿ ಬೀಳುತ್ತದೆ. ನಮ್ಮದು ಕೆಲವೇ ತಿಂಗಳಲ್ಲಿ, ಸುಮಾರು ನಲವತ್ತು ದಿನಗಳಲ್ಲಿ, ಗುಡುಗು-ಮಿಂಚುಗಳೊಡನೆ ಬಂದು ಹೋಗುತ್ತದೆ. ಅಲ್ಲಿಯ ಬೇಸಿಗೆ ನಮ್ಮ ಮಾಗಿಯಷ್ಟು ತಂಪು. ನಮ್ಮಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿಯನ್ನು ಮುಟ್ಟುತ್ತದೆ. ಬೀಳುವ ನೀರಿನ ಎರಡು ಪಟ್ಟಿಗೂ ಹೆಚ್ಚು ನೀರನ್ನು ಹೀರಬಲ್ಲ ಶಕ್ತಿ ನಮ್ಮ ಒಣ ಹವೆಗಿದೆ. ಆದ್ದರಿಂದ ವಾರ್ಷಿಕ ಮೊತ್ತವೆಂಬ ಒಂದೇ ಅಂಕಿ ಯಾವ ಊರಿನ ನಿಜವನ್ನೂ ಹೇಳಲಾರದು.

ಹಾಗಾದರೆ ನಮ್ಮ ನಿಜವಾವುದು? ಕರಾವಳಿಯಲ್ಲಿ ಮಳೆಯ ಅಬ್ಬರ ತಗ್ಗಿದ ಮೇಲೆ ನಮ್ಮ ಒಳ್ಳೆಯ ಮಳೆ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಹೆಚ್ಚು ಮಳೆ ಬೀಳುವ ತಿಂಗಳು ಸಪ್ಟೆಂಬರ್. ಆಗ ಬಂಗಾಲದ ಉಪಸಾಗರದಲ್ಲಿ ಹುಟ್ಟಿದ ವಾಯುಭಾರ ಕುಸಿತಗಳು ಪಡುವಣಕ್ಕೆ ಸರಿಯುತ್ತ ನಮ್ಮ ಬಯಲಿಗೆ ಮೋಡಗಳನ್ನು ತರುತ್ತವೆ. ಮಲೆನಾಡಿಗೆ ಪಡುವಣ ಕಡಲು ತಾಯಿಯಾದರೆ ನಮಗೆ ಮೂಡಣ ಕಡಲೂ ತಾಯಿಯೇ. ಆ ಮಳೆಯನ್ನು ಎರಿ ಭೂಮಿ ಕುಡಿದು ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ. ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆಗಳು ಮುಂದೆ ಹನಿ ಬೀಳದಿದ್ದರೂ ಆ ಹಸಿಯ ಮೇಲೆ, ಚಳಿ-ಇಬ್ಬನಿಗಳ ಆಸರೆಯಲ್ಲಿ ಬೆಳೆಯುತ್ತವೆ. ಎಳ್ಳಮವಾಸಿಯಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಆಳೆತ್ತರದ ಜೋಳ ನಿಂತಿರುತ್ತದೆ. ಡೋಣಿ ಬೆಳೆದರೆ ಓಣಿಗೆಲ್ಲ ಜೋಳ ಎಂಬರ್ಥದ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ.

ಮಳೆಯ ನಕ್ಷತ್ರಗಳ ಹೆಸರು ನಾಡಿಗೆಲ್ಲ ಒಂದೇ ಆದರೂ ಅರ್ಥ ಒಂದೇ ಅಲ್ಲ. ಆರಿದ್ರ-ಪುನರ್ವಸುಗಳಲ್ಲಿ ಮಲೆನಾಡಿನವರು ಕೆಸರುಗದ್ದೆಗೆ ಇಳಿದಿರುತ್ತಾರೆ; ನಾವು ಮುಗಿಲು ನೋಡುತ್ತ ಕೂತಿರುತ್ತೇವೆ. ಉತ್ತರಿ-ಹಸ್ತಗಳಲ್ಲಿ ನಾವು ಕೂರಿಗೆ ಹೂಡುವಾಗ ಅಲ್ಲಿ ಬತ್ತ ತೆನೆಗಟ್ಟುತ್ತಿರುತ್ತದೆ. ಸೀಗಿ ಹುಣ್ಣಿಮೆಯ ಚಂದ್ರನು ಇಬ್ಬರಿಗೂ ಒಬ್ಬನೇ, ಆದರೆ ಅವನು ಕಾಣುವ ಹೊಲಗಳು ಬೇರೆ ಬೇರೆ. ಇದನ್ನರಿತೇ 1930ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರ, ರಾಯಚೂರು, ಬಳ್ಳಾರಿಯ ಹಗರಿ ಮೊದಲಾದೆಡೆ ಒಣ ಬೇಸಾಯದ ಸಂಶೋಧನಾ ಕೇಂದ್ರಗಳು ಹುಟ್ಟಿದವು. ಇಂದು ಕರ್ನಾಟಕವನ್ನು ಹತ್ತು ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿ, ನಮ್ಮನ್ನು ಉತ್ತರದ ಒಣ ವಲಯದಲ್ಲಿ ಇರಿಸಿರುವದೂ ಇದೇ ಕಾರಣಕ್ಕೆ. ಶಾಸ್ತ್ರಜ್ಞರು ಒಪ್ಪಿದ ಮಾತನ್ನು ನಮ್ಮ ಮನಸ್ಸು ಮಾತ್ರ ಇನ್ನೂ ಒಪ್ಪಿಲ್ಲ.

ಎರಡು ಹವೆಗಳು ಎದುರಾಬದುರಾಗಿ ನಿಲ್ಲುವ ದೃಶ್ಯವನ್ನು ಕಾಣಲು ನಾವು ದೂರ ಹೋಗಬೇಕಿಲ್ಲ. ಹಿಂದೆ ನಮ್ಮ ತಾಲೂಕಿನಲ್ಲಿದ್ದು ಈಗ ನಿಡಗುಂದಿ ತಾಲೂಕಿಗೆ ಸೇರಿದ ಆಲಮಟ್ಟಿಗೆ ಹೋದರೆ ಸಾಕು. ಅಲ್ಲಿ 1964ರಲ್ಲಿ ಅಡಿಗಲ್ಲು ಕಂಡು, ಲಾಲ್ ಬಹಾದ್ದೂರ ಶಾಸ್ತ್ರಿಯವರ ಹೆಸರು ಹೊತ್ತ ಜಲಾಶಯವಿದೆ. ಅದನ್ನು ತುಂಬುವದು ಬಹುಮಟ್ಟಿಗೆ ನಮ್ಮ ಮಳೆಯಲ್ಲ. ವರುಷಕ್ಕೆ 5,000 ಮಿ.ಮೀ.ಗೂ ಹೆಚ್ಚು ಮಳೆ ಕಾಣುವ ಮಹಾಬಳೇಶ್ವರ ಮತ್ತು ಅದರ ಸುತ್ತಲಿನ ಘಟ್ಟದ ಮಳೆ. 2019ರ ಆಗಸ್ಟಿನಲ್ಲಿ ಕೃಷ್ಣೆಯ ದಂಡೆಯ ಊರುಗಳನ್ನು ಮುಳುಗಿಸಿದ ನೆರೆ ಘಟ್ಟದ ಮೇಲಿಂದ ಇಳಿದು ಬಂದದ್ದು. 2009ರ ಸಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಿನ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ನೆರೆಯಾದರೋ ನಮ್ಮ ಬಯಲಿನ ಮೇಲೆಯೇ ಸುರಿದ ಮಳೆಯದು. ಒಂದು ಆಷಾಢ-ಶ್ರಾವಣಗಳ ನೆರೆ, ಇನ್ನೊಂದು ಹಿಂಗಾರಿ ಬಿತ್ತಿಗೆಯ ಹೊತ್ತಿನದು. ಎರಡಕ್ಕೂ ಒಂದೇ ಬಗೆಯ ಎಚ್ಚರ ಸಾಕೆ?

ಅಳತೆ ತಪ್ಪಿದರೆ ಬದುಕೂ ದಾರಿ ತಪ್ಪುತ್ತದೆ. ಕಾಲುವೆಯ ನೀರು ಬಂದದ್ದು ಭಾಗ್ಯವೇ, ಸಂಶಯವಿಲ್ಲ. ಆದರೆ ಆ ನೀರು ಬಂದೊಡನೆ ನಮ್ಮ ಹವೆಯೇ ಬದಲಾಯಿತೆಂದು ಬಗೆದು, ಹೊಲವೆಲ್ಲ ಕಬ್ಬು ಹಚ್ಚಿ, ನೀರು ಬಸಿಯದ ಎರಿ ಭೂಮಿಗೆ ಮಿತಿಮೀರಿ ನೀರು ಕಟ್ಟಿದರೆ ಮಣ್ಣು ಸವಳಾಗದೆ ಉಳಿದೀತೆ? ಇನ್ನು ತರುಣರ ಮಾತು. ನಮ್ಮ ಊರುಗಳಿಂದ ಎಷ್ಟೋ ಜನ ದುಡಿಮೆಗೆಂದು ಗೋವೆಗೆ, ಪುಣೆಗೆ ಹೋಗುತ್ತಾರೆ. ಗೋವೆಯಲ್ಲಿರುವ ನನ್ನ ಕಾಕಾನ ಮಗ ಜೂನ್ ತಿಂಗಳಲ್ಲಿ ಫೋನು ಮಾಡಿದಾಗಲೆಲ್ಲ “ಇಲ್ಲಿ ಮಳಿ ಬಿಟ್ಟೂಬಿಡದ ಹೊಡ್ಯಾಕತ್ತೈತಿ, ನಿಮ್ಮದೇನೈತಿ ಅಲ್ಲಿ?” ಎನ್ನುತ್ತಾನೆ. ಅವನ ಮಾತಿನಲ್ಲಿ ನಗೆಯಿದೆ, ನಗೆಯ ಕೆಳಗೆ ತನ್ನ ಊರಿನ ವಿಷಯದಲ್ಲಿ ಒಂದು ನಾಚಿಕೆಯೂ ಇದೆ. ಹುಟ್ಟಿದ ನೆಲವನ್ನು ಕೀಳೆಂದು ಬಗೆಯುವ ಈ ಭಾವನೆ ಬರಗಾಲಕ್ಕಿಂತ ಕೆಟ್ಟದ್ದು.

ಇಲ್ಲಿ ಒಂದು ಆಕ್ಷೇಪ ಬರಬಹುದು. “ಕಾಲವೇ ಕೆಟ್ಟಿದೆ, ಹಿರಿಯರ ನಕ್ಷತ್ರದ ಲೆಕ್ಕ ಈಗ ನಡೆಯುವದಿಲ್ಲ” ಎಂದು ಹಿರಿಯರೇ ಹೇಳುತ್ತಾರೆ. ಮಾತು ಸುಳ್ಳಲ್ಲ. ಭೂಮಿಯ ಹವೆ ಕಾಯುತ್ತಿರುವದು ಈಗ ಲೋಕವೇ ಒಪ್ಪಿದ ವಿಷಯ. 2023ರಲ್ಲಿ ರಾಜ್ಯದ 223 ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು. ಮಳೆಯ ನಾಡೆನಿಸಿದ ತಾಲೂಕುಗಳೂ ಅದರಲ್ಲಿದ್ದವು. ಆದರೆ ಲೆಕ್ಕ ಕೆಟ್ಟಿದೆಯೆಂದು ಲೆಕ್ಕ ಬರೆಯುವದನ್ನೇ ಬಿಡುವದು ಜಾಣತನವಲ್ಲ. ಎಲ್ಲಿ, ಎಷ್ಟು, ಯಾವ ವಾರದಲ್ಲಿ ಬದಲಾಯಿತು ಎಂದು ಅರಿಯಲು ಊರೂರಿನ ಲೆಕ್ಕವೇ ಬೇಕು.

1988ರಲ್ಲಿ ಬರ ನಿರೀಕ್ಷಣೆಗಾಗಿ ರಾಜ್ಯದಲ್ಲಿ ಹುಟ್ಟಿದ ಘಟಕವು ಮುಂದೆ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನು ನಿಲ್ಲಿಸಿದೆ. ಯಂತ್ರವು ಹನಿಯನ್ನು ಎಣಿಸುತ್ತದೆ. ಆ ಹನಿಯಿಂದ ಹೊಲದಲ್ಲಿ ಏನಾಯಿತೆಂಬುದನ್ನು ಮನುಷ್ಯನೇ ಬರೆಯಬೇಕು. ಆದುದರಿಂದ ನನ್ನದೊಂದು ಸೂಚನೆ. ನಮ್ಮ ಕಾಲೇಜಿನ ಆವರಣದಲ್ಲಿ ಒಂದು ಮಳೆಮಾಪಕವಿರಲಿ; ಭೂಗೋಲ ವಿಭಾಗದಲ್ಲಿ ಒಂದು ದಪ್ಪ ವಹಿ ಇರಲಿ. ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು ತಮ್ಮ ಊರಿನ ಮಳೆ, ಬಿತ್ತಿಗೆಯ ದಿನ, ರಾಶಿಯ ದಿನ, ಬಾವಿಯ ನೀರಿನ ಮಟ್ಟ ಇವನ್ನು ಅದರಲ್ಲಿ ಬರೆದಿಡಲಿ. ಮಲೆನಾಡಿನ, ಕರಾವಳಿಯ ಕಾಲೇಜುಗಳೂ ಹೀಗೆಯೇ ಬರೆದರೆ ವರುಷಕ್ಕೊಮ್ಮೆ ವಹಿಗಳನ್ನು ಅದಲುಬದಲು ಮಾಡಿಕೊಳ್ಳೋಣ. ಆಗ ನಮ್ಮ ಹೋಲಿಕೆ ಮೇಲು-ಕೀಳಿನ ಹೋಲಿಕೆಯಾಗದೆ ತಿಳಿವಿನ ಹೋಲಿಕೆಯಾಗುತ್ತದೆ.

ನಮ್ಮ ಮನೆತನದಲ್ಲಿ ಪದವಿಯ ತರಗತಿಯವರೆಗೆ ಬಂದ ಮೊದಲ ಜೀವ ನಾನು. ನನ್ನ ತಂದೆಯವರಿಗೆ ಅಕ್ಷರ ಬಾರದು. ಆದರೆ ಹಸ್ತದ ಮಳೆ ಎಷ್ಟು ಗೇಣು ಇಳಿದಿದೆಯೆಂದು ಮಣ್ಣು ಹಿಡಿದು ಹೇಳಬಲ್ಲರು. ಅವರಂಥವರ ತಿಳಿವು ಅವರೊಡನೆಯೇ ಮುಗಿಯಬಾರದು. ಅದನ್ನು ಅಕ್ಷರಕ್ಕೆ ಇಳಿಸುವ ಕೆಲಸ ಅಕ್ಷರ ಕಲಿತ ನಮ್ಮದು. ಅಧ್ಯಾಪಕವೃಂದವು ಇದಕ್ಕೆ ಮಾರ್ಗದರ್ಶನ ನೀಡಲಿ. ನನ್ನ ಕಿರಿಯ ಮಿತ್ರರು ಬರುವ ಮಿರಗದಿಂದಲೇ ಬರೆಯತೊಡಗಲಿ.